ಲೇಖನಿಗೆ ತೆರುವ ಮೊದಲ ಬೆಲೆ

ಪರೀಕ್ಷೆಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಮುಂದೇನು? ವೈದ್ಯಕೀಯ, ಇಂಜಿನಿಯರಿಂಗ್, ಗಲ್ಫ್, ಇಲ್ಲವೇ ತಂದೆಯ ಅಂಗಡಿ - ಉತ್ತರಗಳು ಸಿದ್ಧವಾಗಿಯೇ ಇರುತ್ತವೆ. ಆದರೆ ಮಗನೋ ಮಗಳೋ “ನಾನು ಪತ್ರಿಕೋದ್ಯಮ ಓದುತ್ತೇನೆ”, “ನನಗೆ ಕತೆ ಬರೆಯಬೇಕು”, “ಕ್ಯಾಮರಾ ಕಲಿಯಬೇಕು” ಎಂದರೆ ಮನೆ ಒಮ್ಮೆಲೇ ಮೌನವಾಗುತ್ತದೆ. “ಅದರಲ್ಲಿ ಹೊಟ್ಟೆ ತುಂಬುತ್ತದೆಯೇ?” ಎಂದು ತಂದೆ ಕೇಳುತ್ತಾರೆ. “ಅದು ಹಲಾಲೇ?” ಎಂದು ಅಜ್ಜಿ ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮೂರನೆಯದೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಆ ಬಾಗಿಲೊಳಗೆ ಕಾಲಿಡಲು ನೀನು ಏನನ್ನು ಬೆಲೆಯಾಗಿ ತೆರಲು ಸಿದ್ಧನಿದ್ದಿ?

ಅಜ್ಜಿಯ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಪವಿತ್ರ ಕುರ್‌ಆನಿನ 68ನೇ ಅಧ್ಯಾಯ ಲೇಖನಿಯ ಆಣೆಯೊಂದಿಗೆ ಆರಂಭವಾಗುತ್ತದೆ. ಮನುಷ್ಯನಿಗೆ ಲೇಖನಿಯ ಮೂಲಕ ಕಲಿಸಿದ್ದು ತನ್ನ ಅನುಗ್ರಹವೆಂದು ಅಲ್ಲಾಹನು 96ನೇ ಅಧ್ಯಾಯದಲ್ಲಿ ನೆನಪಿಸುತ್ತಾನೆ. 26ನೇ ಅಧ್ಯಾಯದ ಕೊನೆಯಲ್ಲಿ ಕವಿಗಳ ಟೀಕೆ ಇದೆ, ನಿಜ. ಆದರೆ ಮಾಡದ್ದನ್ನು ಹೇಳುತ್ತಾ ಕಣಿವೆ ಕಣಿವೆ ಅಲೆಯುವವರ ಟೀಕೆ ಅದು. ವಿಶ್ವಾಸವಿಟ್ಟು ಸತ್ಕರ್ಮ ಮಾಡಿದವರನ್ನು ಅಲ್ಲಿಯೇ ಹೊರತುಪಡಿಸಲಾಗಿದೆ. ಕವಿ ಹಸ್ಸಾನ್ ಬಿನ್ ಸಾಬಿತ್(ರ)ರಿಗಾಗಿ ಪ್ರವಾದಿ(ಸ)ಯವರು ಮಸೀದಿಯಲ್ಲೇ ಮಿಂಬರ್ ಇಡಿಸಿದ್ದರು. ಆದ್ದರಿಂದ ದೋಷ ಕಲೆಯದ್ದಲ್ಲ, ಅದನ್ನು ಬಳಸುವ ಕೈಯದು.

ಮೂರನೆಯ ಪ್ರಶ್ನೆ ಮಾತ್ರ ಕಠಿಣ. ಮಾಧ್ಯಮರಂಗಕ್ಕೆ ವಿದ್ಯಾರ್ಥಿಗಳು ಪ್ರವೇಶಿಸುವ ರೀತಿಯನ್ನು ನೋಡಿ. ತಿಂಗಳೆರಡು ತಿಂಗಳು ತರಬೇತಿ. ಹೆಚ್ಚಿನ ಕಡೆ ಸಂಬಳವಿಲ್ಲ. ಬರೆದದ್ದಕ್ಕೆ ಹೆಸರೂ ಇರುವುದಿಲ್ಲ. ಒಳಗಿರುವ ಹಿರಿಯರು ಮೆಚ್ಚಿದರೆ ಮಾತ್ರ ಮುಂದಿನ ಮೆಟ್ಟಿಲು. ಅಂತಹ ಸ್ಥಿತಿಯಲ್ಲಿರುವ ಇಪ್ಪತ್ತು ವರ್ಷದ ಹುಡುಗನಿಗೆ “ಇಲ್ಲ” ಎನ್ನುವುದು ಸುಲಭವಲ್ಲ.

ನನ್ನಲ್ಲಿ ಕನ್ನಡ ಕಲಿತ ವಿದ್ಯಾರ್ಥಿಯೊಬ್ಬ ಹೀಗೆ ಒಂದು ಸುದ್ದಿಸಂಸ್ಥೆ ಸೇರಿಕೊಂಡಿದ್ದ. ಪೇಟೆಯಲ್ಲಿ ಬೈಕ್ ನಿಲ್ಲಿಸುವ ವಿಷಯಕ್ಕೆ ಇಬ್ಬರು ಯುವಕರು ಕೈ ಕೈ ಮಿಲಾಯಿಸಿದ್ದರು. ಅವನು ಅದನ್ನು ಹಾಗೆಯೇ ಬರೆದುಕೊಟ್ಟ. ಶೀರ್ಷಿಕೆಯಲ್ಲಿ ಇಬ್ಬರ ಹೆಸರನ್ನೂ ಹಾಕು, ಜಗಳದ ಕಾರಣವನ್ನು ಕೊನೆಯ ಸಾಲಿಗೆ ತಳ್ಳು ಎಂಬ ಸೂಚನೆ ಬಂತು. ಒಬ್ಬನ ಹೆಸರು ಮುಸ್ಲಿಮನದ್ದು, ಇನ್ನೊಬ್ಬನದ್ದು ಹಿಂದೂವಿನದ್ದು. ಅವನು ಹಾಗೆಯೇ ಮಾಡಿದ. ಸಂಜೆಯೊಳಗೆ ಆ ಸುದ್ದಿ ಊರೆಲ್ಲ ಹರಡಿತು, ಅವನಿಗೆ ಶಹಬ್ಬಾಸ್ ಸಿಕ್ಕಿತು. ಆಮೇಲೆ ಅವನು ನನ್ನನ್ನು ಕೇಳಿದ: “ಉಸ್ತಾದ್, ನಾನು ಒಂದು ಅಕ್ಷರವೂ ಸುಳ್ಳು ಬರೆದಿಲ್ಲ. ಹೆಸರುಗಳು ನಿಜ, ಜಗಳವೂ ನಿಜ. ಆದರೂ ಯಾಕೆ ನಿದ್ದೆ ಬರುತ್ತಿಲ್ಲ?”

ಅವನ ಪ್ರಶ್ನೆಯಲ್ಲೇ ಉತ್ತರವಿತ್ತು. ಸುಳ್ಳು ಹೇಳಲು ಸುಳ್ಳು ಪದಗಳೇ ಬೇಕೆಂದಿಲ್ಲ. ಸತ್ಯದ ತುಂಡುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದರೂ ಸಾಕು. ನ್ಯಾಯಕ್ಕಾಗಿ ದೃಢವಾಗಿ ನಿಲ್ಲಬೇಕೆಂದು ಆಜ್ಞಾಪಿಸುವ 4ನೇ ಅಧ್ಯಾಯದ 135ನೇ ಸೂಕ್ತ, ಸಾಕ್ಷ್ಯವನ್ನು ಮರೆಮಾಚುವುದರ ಜೊತೆಗೆ ತಿರುಚುವುದರ ಬಗ್ಗೆಯೂ ಎಚ್ಚರಿಸುವುದು ಇದಕ್ಕಾಗಿಯೇ.

ಇಲ್ಲಿ ಯುವಕರು ಒಂದು ವಾದವನ್ನು ಮುಂದಿಡುತ್ತಾರೆ. “ಮೊದಲು ಒಳಗೆ ಸೇರಿಕೊಳ್ಳುತ್ತೇವೆ. ಸ್ಥಾನ ಸಿಕ್ಕಿದ ಮೇಲೆ ಸತ್ಯ ಬರೆಯುತ್ತೇವೆ. ಹೊರಗೆ ನಿಂತು ಯಾರನ್ನು ತಿದ್ದಲು ಸಾಧ್ಯ?” ಈ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮ ಬದುಕನ್ನು ಬಲ್ಲವರು ಸುದ್ದಿಮನೆಯ ಮೇಜಿನ ಬಳಿ ಇಲ್ಲದಿದ್ದರೆ ನಮ್ಮ ಬಗ್ಗೆ ಬರೆಯುವವರು ಊಹೆಯಿಂದಲೇ ಬರೆಯುತ್ತಾರೆ. ಆದರೆ ಈ ವಾದದ ಲೆಕ್ಕ ಒಂದು ಕಡೆ ತಪ್ಪುತ್ತದೆ. ಸ್ಥಾನ ಏರಿದಂತೆ ಸತ್ಯ ಅಗ್ಗವಾಗುವುದಿಲ್ಲ, ತುಟ್ಟಿಯಾಗುತ್ತದೆ. ತರಬೇತಿಯ ಹುಡುಗ ಕಳೆದುಕೊಳ್ಳುವುದು ಒಂದು ಅವಕಾಶ ಮಾತ್ರ. ಸಂಪಾದಕನಾದವನು ಸಂಬಳ, ಮನೆಯ ಸಾಲದ ಕಂತು, ಹೆಸರು ಎಲ್ಲವನ್ನೂ ಕಳೆದುಕೊಳ್ಳಬೇಕಾಗುತ್ತದೆ. ಹತ್ತು ವರ್ಷ ತಲೆಯಾಡಿಸಿ ಅಭ್ಯಾಸವಾದ ಕೊರಳು ಹನ್ನೊಂದನೆಯ ವರ್ಷ ನೆಟ್ಟಗಾದೀತೆಂದು ನಂಬುವುದು ಹೇಗೆ?

ಮೌಲಾನಾ ಅಬುಲ್ ಕಲಾಂ ಆಝಾದ್ 1903ರಲ್ಲಿ ಕಲ್ಕತ್ತೆಯಿಂದ ಉರ್ದು ಪತ್ರಿಕೆಯೊಂದನ್ನು ಹೊರಡಿಸಿದಾಗ ಅವರಿಗೆ ಹದಿನೈದರ ಆಸುಪಾಸಿನ ಪ್ರಾಯ. ಪತ್ರಿಕೆಯ ಹೆಸರು ‘ಲಿಸಾನುಸ್ಸಿದ್ಕ್’, ಅಂದರೆ ಸತ್ಯದ ನಾಲಿಗೆ. 1912ರಲ್ಲಿ ‘ಅಲ್ ಹಿಲಾಲ್’ ಆರಂಭಿಸಿ ದೇಶದಾದ್ಯಂತ ಓದುಗರನ್ನು ಗಳಿಸಿದರು. ಎರಡೇ ವರ್ಷಗಳಲ್ಲಿ, 1914ರಲ್ಲಿ, ಬ್ರಿಟಿಷ್ ಸರಕಾರದ ಪತ್ರಿಕಾ ಕಾನೂನಿನ ಹೊಡೆತಕ್ಕೆ ಅದು ನಿಂತುಹೋಯಿತು. ಹೆಸರು ಬಂದ ಮೇಲೆ ಅವರು ತೆತ್ತ ಬೆಲೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅದನ್ನು ತೆರುವ ಶಕ್ತಿ ಮಾತ್ರ ಹದಿಹರೆಯದಲ್ಲೇ ಬೇರೂರಿತ್ತು.

ಇದಕ್ಕೂ ದೊಡ್ಡ ಮಾದರಿ ಝೈದ್ ಬಿನ್ ಸಾಬಿತ್(ರ)ರದ್ದು. ಪ್ರವಾದಿ(ಸ)ಯವರು ಮದೀನಾಕ್ಕೆ ಬಂದಾಗ ಅವರು ಸುಮಾರು ಹನ್ನೊಂದು ವರ್ಷದ ಬಾಲಕ. ಯಹೂದಿಯರ ಲಿಪಿಯನ್ನು ಕಲಿಯಲು ಪ್ರವಾದಿ(ಸ)ಯವರು ಹೇಳಿದಾಗ ಅರ್ಧ ತಿಂಗಳಲ್ಲಿ ಕಲಿತರು. ಯಮಾಮ ಯುದ್ಧದಲ್ಲಿ ಅನೇಕ ಹಾಫಿಝ್‌ಗಳು ಹುತಾತ್ಮರಾದ ಬಳಿಕ ಕುರ್‌ಆನನ್ನು ಒಟ್ಟುಗೂಡಿಸುವ ಹೊಣೆಯನ್ನು ಅಬೂಬಕರ್(ರ) ವಹಿಸಿದ್ದು ಈ ಯುವಕನಿಗೆ. ಆಗ ಅವರ ಪ್ರಾಯ ಇಪ್ಪತ್ತು ದಾಟಿತ್ತಷ್ಟೆ. ಅಬೂಬಕರ್(ರ) ಎಣಿಸಿದ ಅರ್ಹತೆಗಳನ್ನು ಗಮನಿಸಿ: ಯುವಕ, ಬುದ್ಧಿವಂತ, ಪ್ರವಾದಿ(ಸ)ಯವರ ಲಿಪಿಕಾರ. ಇವುಗಳ ಜೊತೆಗೆ ಇನ್ನೊಂದು - ಯಾರೂ ಸಂದೇಹಪಡದ ವ್ಯಕ್ತಿತ್ವ. ಈ ಕೊನೆಯ ಅರ್ಹತೆ ಒಂದೇ ದಿನದಲ್ಲಿ ಸಿಗುವಂಥದ್ದಲ್ಲ. ಝೈದ್(ರ)ರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಆದರೂ ಅವರು ನೆನಪಿನಿಂದಲೇ ಬರೆದು ಮುಗಿಸಲಿಲ್ಲ. ಖರ್ಜೂರದ ಗರಿಗಳಿಂದ, ತೆಳು ಕಲ್ಲುಗಳಿಂದ, ಜನರ ಹೃದಯಗಳಿಂದ ಹುಡುಕಿ ಒಂದೊಂದನ್ನೂ ಖಚಿತಪಡಿಸಿಕೊಂಡರು. ಬೆಟ್ಟವೊಂದನ್ನು ಸರಿಸುವುದೇ ಇದಕ್ಕಿಂತ ಹಗುರವಾಗಿತ್ತು ಎಂಬ ಭಾವ ಅವರದಾಗಿತ್ತು.

ಮದ್ರಸದಲ್ಲಿ ಹದೀಸ್ ಓದುವವರು ಮೊದಲು ಕೇಳುವುದು “ಏನು ಹೇಳಿದರು” ಎಂದಲ್ಲ, “ಯಾರು ಹೇಳಿದರು, ಅವರಿಗೆ ಯಾರು ಹೇಳಿದರು” ಎಂದು. ತಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ 49ನೇ ಅಧ್ಯಾಯದ 6ನೇ ಸೂಕ್ತದ ಆಜ್ಞೆಯೂ, ಕೇಳಿದ್ದನ್ನೆಲ್ಲ ಹೇಳಿಕೊಂಡು ತಿರುಗುವುದೇ ಸುಳ್ಳಿಗೆ ಸಾಕೆಂಬ ಪ್ರವಾದಿ(ಸ)ವಚನವೂ ವರದಿಗಾರನ ಮೊದಲ ಪಾಠಗಳು. ಮೊಬೈಲ್‌ನಲ್ಲಿ ಬಂದದ್ದನ್ನು ಮರುಕ್ಷಣವೇ ಹತ್ತು ಮಂದಿಗೆ ಕಳಿಸುವ ನಾವು, ಪತ್ರಿಕೆಗಳು ಸುಳ್ಳು ಬರೆಯುತ್ತವೆ ಎಂದು ದೂರುವ ಮೊದಲು ಈ ಪಾಠವನ್ನು ಓದಬೇಕು.

ಹಾಗಾದರೆ ತಂದೆಯ ಪ್ರಶ್ನೆ? ಹೊಟ್ಟೆಪಾಡಿನ ಚಿಂತೆಯನ್ನು ಕಡೆಗಣಿಸುವಂತಿಲ್ಲ. ಹಸಿದ ಲೇಖನಿಯನ್ನು ಕೊಳ್ಳುವುದು ಸುಲಭ. ಆದ್ದರಿಂದಲೇ ಇನ್ನೊಂದು ಉದ್ಯೋಗ ಕೈಯಲ್ಲಿರುವುದು ಅವಮಾನವಲ್ಲ, ರಕ್ಷಣೆ. ‘ನಿತ್ಯೋತ್ಸವ’ದ ಕವಿ ನಿಸಾರ್ ಅಹಮದ್ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬೊಳುವಾರು ಮಹಮದ್ ಕುಂಞಿ ಬ್ಯಾಂಕ್ ನೌಕರರಾಗಿದ್ದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ವಕೀಲರು. ಅವರ ಬರಹಗಳ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಬರವಣಿಗೆಯೊಂದನ್ನೇ ನೆಚ್ಚಿಕೊಳ್ಳದೆಯೂ ಬರಹಗಾರರಾಗಿ ಬಾಳಬಹುದೆಂಬುದಕ್ಕೆ ಅವರು ಸಾಕ್ಷಿ.

ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟೆ. ಕಾಲೇಜಿನ ಭಿತ್ತಿಪತ್ರಿಕೆಯಿಂದ, ವಾಚಕರ ಪತ್ರದಿಂದ ಆರಂಭಿಸಿ. ಮನೆಮಾತು ಉರ್ದುವಾಗಲಿ, ಬ್ಯಾರಿಯಾಗಲಿ, ಕನ್ನಡವನ್ನು ಅದರ ಬೇರಿನಿಂದ ಕಲಿಯಿರಿ. ಯಾವುದಕ್ಕೆ ಹೆಸರು ಹಾಕುವುದಿಲ್ಲ ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಆ ಗೆರೆ ನಮ್ಮ ಸಮುದಾಯದ ವಿಷಯದಲ್ಲೂ ಅಳಿಸಬಾರದು. ಸಾಕ್ಷ್ಯವು ನಮ್ಮ ವಿರುದ್ಧ, ತಂದೆತಾಯಿಯ ವಿರುದ್ಧ, ಬಂಧುಗಳ ವಿರುದ್ಧ ಇದ್ದರೂ ನುಡಿಯಬೇಕೆಂಬುದು ಅದೇ 135ನೇ ಸೂಕ್ತದ ಆಜ್ಞೆ. ನಮ್ಮ ಜಮಾಅತ್‌ನಲ್ಲಿ ವಿಧವೆಯೊಬ್ಬಳಿಗೆ ಅನ್ಯಾಯವಾದರೆ ಅದನ್ನೂ ಬರೆಯುವವನ ಲೇಖನಿಯನ್ನೇ ಇತರರು ನಂಬುತ್ತಾರೆ.

ಪೋಷಕರಿಗೂ ಒಂದು ಮಾತು. ಮಗ ಅನ್ಯಾಯದ ಶೀರ್ಷಿಕೆಯೊಂದನ್ನು ನಿರಾಕರಿಸಿ ಕೆಲಸ ಕಳೆದುಕೊಂಡು ಬಂದರೆ “ನಾನು ಮೊದಲೇ ಹೇಳಿರಲಿಲ್ಲವೇ” ಎನ್ನಬೇಡಿ. ಆ ರಾತ್ರಿ ಅವನಿಗೆ ಊಟ ಬಡಿಸಿ, ಹೆಗಲ ಮೇಲೆ ಕೈಯಿಡಿ. ಪಕ್ಕದ ಮನೆಯವರು ಕೇಳಿದಾಗ ಅವನು ಕೆಲಸ ಬಿಟ್ಟ ಕಾರಣವನ್ನು ತಲೆಯೆತ್ತಿ ಹೇಳಿ. ಅಷ್ಟು ಆಸರೆ ಮನೆಯಲ್ಲಿದ್ದರೆ ಮರುದಿನ ಅವನು ಮತ್ತೆ ಲೇಖನಿ ಹಿಡಿದಾನು. ನಮ್ಮ ಮಕ್ಕಳ ಕೈಗೆ ಸತ್ಯವನ್ನು ಬರೆಯುವ ಶಕ್ತಿಯನ್ನೂ, ನಮ್ಮ ಮನೆಗಳಿಗೆ ಅದನ್ನು ತಾಳಿಕೊಳ್ಳುವ ಶಕ್ತಿಯನ್ನೂ ಅಲ್ಲಾಹನು ಕರುಣಿಸಲಿ.