ಬಲಶಾಲಿಗೂ ಒಂದು ಬಿರುಕು

ಮಕ್ಕಳ ಕೈಯಲ್ಲಿ ಚಿತ್ರಕತೆಯ ಪುಸ್ತಕ ಕಂಡರೆ "ಪಾಠದ ಪುಸ್ತಕ ಹಿಡಿಯೋ" ಎಂದು ಗದರುವುದು ನಮ್ಮ ತಾಯಂದಿರ ವಾಡಿಕೆ. ಹಾಗೆ ಗದರಿದ ತಾಯಿಯೇ ಮಧ್ಯಾಹ್ನ ಮನೆ ನಿಶ್ಶಬ್ದವಾದ ಮೇಲೆ ಅದೇ ಪುಸ್ತಕವನ್ನೆತ್ತಿಕೊಂಡು, ಕೊನೆಗೇನಾಯಿತೆಂದು ನೋಡಿಯೇ ಕೆಳಗಿಡುವುದೂ ಉಂಟು. ಗಾಳಿಯಲ್ಲಿ ಹಾರುವವನು, ಒಂದೇ ಗುದ್ದಿಗೆ ಗೋಡೆ ಉರುಳಿಸುವವನು ಎಲ್ಲಿಯೂ ಇಲ್ಲವೆಂದು ಮಗುವಿಗೂ ಗೊತ್ತು, ತಾಯಿಗೂ ಗೊತ್ತು. ಆದರೂ ಅವನು ನಮ್ಮವನೆನಿಸುವುದೇಕೆ? ಮಕ್ಕಳಾಟದ ಪ್ರಶ್ನೆಯಂತೆ ಕಂಡರೂ ಇದು ಅಷ್ಟು ಸಲೀಸಾದುದಲ್ಲ ಎಂದು ನನಗನ್ನಿಸುತ್ತದೆ.

ಚಿತ್ರಕತೆಯ ಮಹಾಶೂರ ಯಾರೆಂದು ಈಗ ಮೂವತ್ತು ದಾಟಿದ ಕನ್ನಡಿಗರನ್ನು ಕೇಳಿ ನೋಡಿ. ಹಲವರು ನಗುತ್ತಾ ಹೇಳುವ ಹೆಸರು ಡಿಂಗ. 1983ರಲ್ಲಿ ಮಲಯಾಳದ 'ಬಾಲಮಂಗಳಂ' ಪತ್ರಿಕೆಯಲ್ಲಿ ಡಿಂಕನ್ ಆಗಿ ಹುಟ್ಟಿದವನು, ಕನ್ನಡದ 'ಬಾಲಮಂಗಳ'ಕ್ಕೆ ಬರುವಾಗ ಡಿಂಗನಾದ. ಶಾಂತಿಗ್ರಾಮದಂಥ ಊರುಗಳಿಗೆ ಇಂಥ ಪುಸ್ತಕಗಳು ಬರುತ್ತಿದ್ದುದು ಹಾಸನದ ಪೇಟೆಗೆ ಹೋಗಿ ಬಂದವರ ಕೈಚೀಲದಲ್ಲಿ. ಒಂದು ಪ್ರತಿ ನಾಲ್ಕಾರು ಮನೆ ಸುತ್ತಿ, ಹೊದಿಕೆ ಕಿತ್ತುಹೋಗುವ ತನಕ ಓದಿಸಿಕೊಳ್ಳುತ್ತಿತ್ತು. ಈ ಡಿಂಗ ಸಿಂಹವಲ್ಲ, ಆನೆಯಲ್ಲ, ಒಂದು ಇಲಿ! ಬೇರೆ ಗ್ರಹದವರು ಹಿಡಿದೊಯ್ದು ಪ್ರಯೋಗ ಮಾಡಿದ್ದರಿಂದ ಶಕ್ತಿ ಪಡೆದ ಪುಟ್ಟ ಇಲಿ. ನಮ್ಮ ಅಟ್ಟದ ಮೇಲೆ ಓಡಾಡಿದರೆ ಬೋನಿಟ್ಟು ಹಿಡಿಯುವ ಪ್ರಾಣಿ ಅಲ್ಲಿ ಕಾಡಿನ ಬಡಪಾಯಿಗಳನ್ನು ಕಾಯುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾಗಿ ಎಲ್ಲರ ಗದರಿಕೆಗೂ ಸಿಗುವ ಹುಡುಗನಿಗೆ ಅವನು ಹತ್ತಿರವಾದದ್ದರಲ್ಲಿ ಆಶ್ಚರ್ಯವೇನು?

ದೂರದೇಶದ ಶೂರರನ್ನು ನೋಡಿದರೂ ಇದೇ ಮಾತು. ಸೂಪರ್‌ಮ್ಯಾನ್ 1938ರಲ್ಲಿ ಅಚ್ಚಾದ. ಅವನನ್ನು ಕಲ್ಪಿಸಿದವರು ಜೆರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ತರುಣರು, ವಲಸೆ ಬಂದ ಯೆಹೂದಿ ಮನೆತನಗಳ ಮಕ್ಕಳು. ಅವರ ಶೂರನೂ ಹುಟ್ಟಿದ ನೆಲ ಕಳೆದುಕೊಂಡು ಬಂದವನೇ. ಹಗಲಿನಲ್ಲಿ ಅವನು ಕನ್ನಡಕ ಹಾಕಿಕೊಂಡ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಪತ್ರಿಕೆಯ ವರದಿಗಾರ. ಗುಂಡು ತಗಲಿದರೂ ನೋಯದ ಆ ಮೈ ಕುಸಿಯುವುದು ಅವನು ಹುಟ್ಟಿದ ಗ್ರಹದ ಒಂದು ಕಲ್ಲಿನ ಚೂರಿನ ಮುಂದೆ. ತವರಿನಿಂದ ಬಂದ ಒಂದು ಮಾತಿಗೆ ಇಡೀ ದಿನ ಕುಗ್ಗಿಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಇನ್ನೂ ಹತ್ತಿರದವನು. ತಂದೆತಾಯಿ ಇಲ್ಲದೆ ದೊಡ್ಡಪ್ಪ ದೊಡ್ಡಮ್ಮನ ಆಸರೆಯಲ್ಲಿ ಬೆಳೆದ ಹುಡುಗ. ಕೈಗೆ ಶಕ್ತಿ ಬಂದ ಹೊಸತರಲ್ಲಿ, 'ನನಗೇಕೆ' ಎಂದು ಓಡಿಹೋಗುತ್ತಿದ್ದ ಒಬ್ಬ ಕಳ್ಳನನ್ನು ತಡೆಯದೆ ಬಿಡುತ್ತಾನೆ. ಅದೇ ಕಳ್ಳ ಮುಂದೆ ದೊಡ್ಡಪ್ಪನನ್ನು ಕೊಲ್ಲುತ್ತಾನೆ. ಅಲ್ಲಿಂದಾಚೆಗೆ ಅವನು ಊರನ್ನು ಕಾಯುವುದರಲ್ಲಿ ಹೆಮ್ಮೆಗಿಂತ ಸಂಕಟವೇ ಹೆಚ್ಚು. ಬಾಡಿಗೆಗೆ ಕಾಸಿಲ್ಲ, ದೊಡ್ಡಮ್ಮನ ಆರೋಗ್ಯ ಸರಿಯಿಲ್ಲ, ಹರಿದ ವೇಷವನ್ನು ತಾನೇ ಹೊಲಿದುಕೊಳ್ಳಬೇಕು. ಅವನ ಶಕ್ತಿಯನ್ನು ಓದಿ ಬೆರಗಾಗುತ್ತೇವೆ. ಕೈಯಲ್ಲಿ ಸೂಜಿದಾರ ಕಂಡಾಗ ಮಾತ್ರ 'ಅಯ್ಯೋ ಪಾಪ' ಎನ್ನುತ್ತೇವೆ. ಸಂಬಂಧ ಬೆಳೆಯುವುದು ಬೆರಗಿನಿಂದಲ್ಲ, ಈ 'ಅಯ್ಯೋ ಪಾಪ'ದಿಂದ.

ಇದೇನು ಪರದೇಶದವರು ಕಲಿಸಿದ ಪಾಠವಲ್ಲ. ವಿರಾಟಪರ್ವದ ಭೀಮನನ್ನು ನೆನೆಯಿರಿ. ಕುಮಾರವ್ಯಾಸ ಭಾರತದ ವಾಚನ ಕೇಳುತ್ತಾ ಬೆಳೆದ ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಈ ಭಾಗ ಬಂದರೆ ಕಣ್ಣು ಒದ್ದೆಯಾಗುತ್ತಿತ್ತು. ಹಿಡಿಂಬನನ್ನೂ ಬಕನನ್ನೂ ಕೊಂದವನು ವಲಲನೆಂಬ ಹೆಸರಿಟ್ಟುಕೊಂಡು ಅರಮನೆಯ ಒಲೆ ಊದುತ್ತಿದ್ದಾನೆ. ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದೆಯುತ್ತಾನೆ. ಭೀಮ ನೋಡುತ್ತಾನೆ, ಏಳಲಾರ. ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ಕಾಡು. ಧರ್ಮರಾಯನ ಕಣ್ಸನ್ನೆಗೆ ಕಟ್ಟುಬಿದ್ದು ಹಲ್ಲು ಕಚ್ಚಿ ಕೂರುವ ಆ ಗಳಿಗೆಯಲ್ಲಿ ಭೀಮ ನಮ್ಮವನಾಗುತ್ತಾನೆ. ತೋಳಿನಲ್ಲಿ ಬಲವಿದ್ದೂ ಬಾಯಿ ಮುಚ್ಚಿಕೊಂಡು ಕೂರಬೇಕಾದ ಗಳಿಗೆ ಯಾರ ಬಾಳಿನಲ್ಲಿ ಬಂದಿಲ್ಲ, ಹೇಳಿ?

ಹಾಗಾದರೆ ಯಾವ ಕುಂದೂ ಇಲ್ಲದ ಶಕ್ತಿಯನ್ನು ಬಯಸುವವರು ಯಾರು? ಅದಕ್ಕೆ ಉತ್ತರ ನಮ್ಮೂರಿನಲ್ಲೇ ಇದೆ. ಶಾಂತಲಾದೇವಿಯ ಹೆಸರಿನಿಂದ ಊರಿಗೆ ಹೆಸರು ಬಂತೆಂದು ಹೇಳುವ ಶಾಂತಿಗ್ರಾಮದಲ್ಲಿ ಹೊಯ್ಸಳರ ಕಾಲದ ಭೋಗನರಸಿಂಹನ ಗುಡಿಯಿದೆ. ನರಸಿಂಹನ ಕತೆಯೆಂದರೆ ಹಿರಣ್ಯಕಶಿಪುವಿನ ವರದ ಕತೆಯೇ ತಾನೆ? ಹಗಲಲ್ಲೂ ಸಾವು ಬೇಡ, ಇರುಳಲ್ಲೂ ಬೇಡ. ಒಳಗೂ ಬೇಡ, ಹೊರಗೂ ಬೇಡ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ ಎಂದು ಒಂದೊಂದೇ ಬಿರುಕನ್ನು ಹುಡುಕಿ ಮುಚ್ಚಿಸಿಕೊಂಡ. ಬಿರುಕೆಲ್ಲ ಮುಚ್ಚಿದ ಮೇಲೆ ಹೆತ್ತ ಮಗನ ನೋವೂ ಅವನ ಒಳಗೆ ಇಳಿಯಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಶೂರನಿಗೂ ಅಸುರನಿಗೂ ಇರುವ ವ್ಯತ್ಯಾಸ ಇಷ್ಟೇ. ಶೂರ ತನ್ನ ಬಿರುಕನ್ನು ಹೊತ್ತುಕೊಂಡೇ ಬದುಕುತ್ತಾನೆ. ಅಸುರನಿಗೆ ಅದು ಇರಲೇಕೂಡದು.

ಇಂಥ ಕತೆಗಳಿಂದ ಮಕ್ಕಳು ಕೆಡುತ್ತಾರೆಂಬ ಭಯ ಇದ್ದೇ ಇದೆ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾದ ಮೇಲೆ, ಅವನನ್ನು ಅನುಕರಿಸಲು ಹೋಗಿ ಮಕ್ಕಳು ಪೆಟ್ಟು ಮಾಡಿಕೊಂಡರೆಂಬ ಸುದ್ದಿಗಳು ಬಂದವು. ಹಾಗೆ ಮಾಡಬೇಡಿರೆಂದು ಮುಖೇಶ್ ಖನ್ನಾ ತಾವೇ ತೆರೆಯ ಮೇಲೆ ಬಂದು ಹೇಳಬೇಕಾಯಿತು. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮಗುವಿಗೆ ಹಾರುವುದನ್ನು ಮಾತ್ರ ತೋರಿಸಿ, ಶಕ್ತಿಮಾನ್‌ನ ಇನ್ನೊಂದು ರೂಪವಾದ ಪೆದ್ದು ಗಂಗಾಧರನನ್ನು ಎಲ್ಲರೂ ನಗುತ್ತಾ ಸಹಿಸಿಕೊಳ್ಳುವುದನ್ನು ತೋರಿಸದೆ ಹೋದರೆ ತಪ್ಪು ಕತೆಯದಲ್ಲ.

ಇನ್ನು ನಮ್ಮ ವಿಷಯಕ್ಕೆ ಬರೋಣ. 1941ರಲ್ಲಿ ವಂಡರ್ ವುಮನ್ ಎಂಬ ಶೂರೆಯನ್ನು ಸೃಷ್ಟಿಸಿದವರು ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಆ ಹಳೆಯ ಕತೆಗಳಲ್ಲಿ ಅವಳ ಎರಡೂ ಕೈಗಡಗಗಳನ್ನು ಗಂಡಸೊಬ್ಬ ಸರಪಳಿಯಿಂದ ಬಿಗಿದರೆ ಅವಳ ಶಕ್ತಿಯೆಲ್ಲ ಇಳಿದುಹೋಗುತ್ತದೆ. ಓದಿ ನಕ್ಕೆ, ಆಮೇಲೆ ನಗು ಬರಲಿಲ್ಲ. ನಮ್ಮ ಕಡೆ ಬೆಳಗಿನ ಬಸ್ಸಿಗೆ ಹಾಸನಕ್ಕೋ ಚನ್ನರಾಯಪಟ್ಟಣಕ್ಕೋ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಐದಕ್ಕೆ ಎದ್ದು ತಿಂಡಿ, ಡಬ್ಬಿ, ಅತ್ತೆಯ ಮಾತ್ರೆ ಎಲ್ಲ ಮುಗಿಸಿರುತ್ತಾರೆ. ಅವರಿಗೆ ನಾವು ಕೊಡುವ ಬಿರುದು 'ದಶಭುಜೆ'. "ನಿಂಗೇನಮ್ಮ, ಗಟ್ಟಿಗಿತ್ತಿ, ಎಲ್ಲ ತೂಗಿಸ್ತೀಯ" ಎಂಬ ಮೆಚ್ಚುಗೆ. ಆ ಮಾತು ಒಂದು ಬಗೆಯ ವರವೇ. ಕೇಳಿಸಿಕೊಂಡವಳು ಸಂಜೆ ಬಂದು 'ತಲೆ ನೋಯುತ್ತಿದೆ' ಎನ್ನುವ ಹಾಗಿಲ್ಲ. ಅವಳ ಬಿರುಕುಗಳನ್ನೆಲ್ಲ ನಾವೇ ಹೊಗಳಿಕೆಯಿಂದ ಮೆತ್ತಿಬಿಟ್ಟಿರುತ್ತೇವೆ.

ಕಾಗದದ ಮೇಲಿನ ಶೂರನಿಗೆ ಕಲ್ಲಿನ ಚೂರಿನ ಮುಂದೆ ಸೋಲಲು ಅಪ್ಪಣೆ ಕೊಡುವ ನಾವು, ಮನೆ ಹೊರುವವಳಿಗೆ ಒಂದು ಸಂಜೆ ಸೋಲಲು ಏಕೆ ಬಿಡುವುದಿಲ್ಲ? ಭೀಮನಾದರೂ ಅಡುಗೆಮನೆಯ ಕತ್ತಲಲ್ಲಿ ದ್ರೌಪದಿಯ ಎದುರು ತನ್ನ ಸಂಕಟ ಹೇಳಿಕೊಂಡ, ಅವಳೂ ಅವನೆದುರು ಅತ್ತಳು. ಮುಂದಿನ ಸಲ ಯಾರನ್ನಾದರೂ ಗಟ್ಟಿಗಿತ್ತಿ ಎಂದು ಹೊಗಳುವ ಮೊದಲು, ಪಕ್ಕದಲ್ಲಿ ಕೂತು "ನಿನಗೆ ಯಾವುದು ಕಷ್ಟ ಆಗ್ತಿದೆ?" ಎಂದು ಒಂದು ಮಾತು ಕೇಳಿದರೆ ಸಾಕು. ಉತ್ತರ ಬರುವುದು ತಡವಾಗಬಹುದು. ಕಾಯಬೇಕು.