ಸ್ವತ್ತೂ ಎರವೂ

ಕಳೆದ ದೀಪಾವಳಿಯಲ್ಲಿ ಮಗನ ಮನೆಗೆ ಹೋಗಿದ್ದಾಗ ನನ್ನ ಮುಂದೆ ಒಂದು ವ್ಯಾಜ್ಯವು ಬಂದಿತು. ವಾದಿ ಪ್ರತಿವಾದಿಗಳು ಸೊಸೆಯೂ ಮಗನೂ. ವಿವಾದದ ವಸ್ತು ಗೋಡೆಯೊಳಗಿನ ಒಂದು ಕಪಾಟು. ಅದರಲ್ಲಿ ಸುಮಾರು ಇನ್ನೂರು ಚಲನಚಿತ್ರಗಳ ತಟ್ಟೆಗಳಿದ್ದುವು. ಮೊಮ್ಮಗನ ಪುಸ್ತಕಗಳಿಗೆ ಸ್ಥಳ ಬೇಕಾಗಿದೆ. ಚಿತ್ರಗಳೆಲ್ಲ ತಂತಿಯ ಮೂಲಕ ಮನೆಗೇ ಹರಿದು ಬರುವ ಈ ಕಾಲದಲ್ಲಿ ಈ ಪೆಟ್ಟಿಗೆಗಳನ್ನು ಕಾಯುವುದೇಕೆ ಎಂಬುದು ಸೊಸೆಯ ವಾದ. ಕೊಂಡುದು ನನ್ನದು, ಹರಿದು ಬರುವುದು ನನ್ನದಲ್ಲ ಎಂಬುದು ಮಗನ ವಾದ. ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರ ಜಗಳಗಳನ್ನು ತೀರಿಸಿದ ನಾನು ಆ ದಿನ ತೀರ್ಪನ್ನು ಹೇಳಲಾರದೆ ಹೋದೆನು. ಅಂದಿನಿಂದ ಯೋಚಿಸಿದುದನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ವಸ್ತುವಿನ ಪರಿಚಯ. ಅಲ್ಟ್ರಾ ಎಚ್‌ಡಿ ಬ್ಲೂ-ರೇ ಎಂಬ ಈ ತಟ್ಟೆಯು 2016ರಲ್ಲಿ ಮಾರುಕಟ್ಟೆಗೆ ಬಂದಿತು. ಅಡ್ಡಳತೆ 12 ಸೆಂಟಿಮೀಟರು. ಮೂರು ಪದರಗಳ ತಟ್ಟೆಯೊಂದು 100 ಗಿಗಾಬೈಟುಗಳಷ್ಟು ವಿಷಯವನ್ನು ಹಿಡಿಯಬಲ್ಲದು. ಹಿಂದಿನ ಡಿವಿಡಿಯ ಚಿತ್ರದಲ್ಲಿ ಹೆಚ್ಚೆಂದರೆ ಸುಮಾರು 4 ಲಕ್ಷ ಬಿಂದುಗಳಿದ್ದರೆ, ಇದರ ಒಂದೊಂದು ಚಿತ್ರದಲ್ಲಿ ಸುಮಾರು 83 ಲಕ್ಷ ಬಿಂದುಗಳಿರುವುವು. ಈ ತಟ್ಟೆಯು ಸೆಕೆಂಡಿಗೆ 128 ಮೆಗಾಬಿಟ್‌ಗಳ ವರೆಗೆ ವಿಷಯವನ್ನು ಒದಗಿಸಬಲ್ಲದು. ಅದೇ ಬಿಂದುಸಂಖ್ಯೆಯ ಚಿತ್ರವನ್ನು ತಂತಿಯಲ್ಲಿ ಕಳುಹಿಸಲು ನೆಟ್‌ಫ್ಲಿಕ್ಸ್ ಸಂಸ್ಥೆಯು ಗ್ರಾಹಕನಿಂದ ಅಪೇಕ್ಷಿಸುವ ಸಂಪರ್ಕವೇಗವು ಸೆಕೆಂಡಿಗೆ 15 ಮೆಗಾಬಿಟ್ ಮಾತ್ರ. ಆದುದರಿಂದ ಗುಣದಲ್ಲಿ ತಟ್ಟೆಯೇ ಮೇಲೆಂಬುದು ನಿರ್ವಿವಾದ.

ಆದರೂ ಲೋಕವು ಅದನ್ನು ಬಿಟ್ಟು ಸಾಗುತ್ತಿದೆ. ತಟ್ಟೆಯನ್ನು ನಡೆಸುವ ಯಂತ್ರಗಳ ತಯಾರಿಕೆಯಿಂದ ಒಪ್ಪೋ ಸಂಸ್ಥೆಯು 2018ರಲ್ಲಿ ಹಿಂದೆ ಸರಿಯಿತು. 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಯಂತ್ರಗಳನ್ನು ತರುವುದನ್ನು ನಿಲ್ಲಿಸಿತು. ಅಂಚೆಯ ಮೂಲಕ ತಟ್ಟೆಗಳನ್ನು ಎರವು ಕೊಡುವ ಕೆಲಸವನ್ನು ನೆಟ್‌ಫ್ಲಿಕ್ಸ್ ಇಪ್ಪತ್ತೈದು ವರ್ಷಗಳ ತರುವಾಯ 2023ರ ಸೆಪ್ಟೆಂಬರಿನಲ್ಲಿ ಮುಗಿಸಿತು. ಅಮೆರಿಕದ ಬೆಸ್ಟ್ ಬೈ ಅಂಗಡಿಗಳು 2024ರಲ್ಲಿ ಚಿತ್ರಗಳ ತಟ್ಟೆಗಳ ಮಾರಾಟವನ್ನು ಬಿಟ್ಟವು. ಆದರೆ ಇನ್ನೊಂದು ಪಕ್ಷದ ಸಾಕ್ಷ್ಯವೂ ಉಂಟು. 2023ರ ನವೆಂಬರಿನಲ್ಲಿ ‘ಓಪನ್‌ಹೈಮರ್’ ಚಿತ್ರದ ಈ ಬಗೆಯ ತಟ್ಟೆಗಳು ಬಂದ ವಾರದಲ್ಲಿಯೇ ಅನೇಕ ಕಡೆಗಳಲ್ಲಿ ತೀರಿಹೋದುವು. ಕೊಳ್ಳುವವರು ಕಡಮೆಯಾದರೇ ಹೊರತು ಇಲ್ಲವಾಗಲಿಲ್ಲ. ಉಳಿದವರು ಏಕೆ ಉಳಿದರು? ಕಣ್ಣಿನ ಸುಖ ಒಂದೇ ಕಾರಣವಾಗಲಾರದು. ‘ನನ್ನದು’ ಎಂಬ ಮಾತಿನ ಅರ್ಥದ ಪ್ರಶ್ನೆಯು ಇದರೊಳಗೆ ಅಡಗಿದೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣದಲ್ಲಿ ಕುಳಿತು, ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದಲೇ ಸಿದ್ಧವಾದುದೋ ಎಂಬ ಚರ್ಚೆಯನ್ನು ಅವನು ಎತ್ತಿ, ಅದು ಲೌಕಿಕವೆಂದೇ ನಿರ್ಣಯಿಸಿದ್ದಾನೆ. ಇಷ್ಟಬಂದಂತೆ ವಿನಿಯೋಗಿಸಲು ಯೋಗ್ಯವಾದುದು ಸ್ವತ್ತು ಎಂಬುದು ನಮ್ಮ ಶಾಸ್ತ್ರಕಾರರಿಗೆ ಪರಿಚಿತವಾದ ಲಕ್ಷಣ. ಇದಕ್ಕೆ ಭಿನ್ನವಾದುದು ‘ಯಾಚಿತಕ’. ಮದುವೆಯ ಉತ್ಸವಕ್ಕೆಂದು ಬೇಡಿ ತಂದ ವಸ್ತ್ರಾಭರಣ. ಅದನ್ನು ಧರಿಸಬಹುದು, ಮೆರೆಯಬಹುದು. ಮಾರಲಾಗದು, ಮಗಳಿಗೆ ಕೊಡಲಾಗದು, ಕೊಟ್ಟವನು ಕೇಳಿದಾಗ ಹಿಂದಿರುಗಿಸಬೇಕು.

ಈ ಲಕ್ಷಣವನ್ನು ಪ್ರಕೃತಕ್ಕೆ ಅನ್ವಯಿಸೋಣ. ತಟ್ಟೆಯನ್ನು ಕೊಂಡವನಿಗೆ ಚಿತ್ರದ ಕೃತಿಸ್ವಾಮ್ಯವೇನೂ ಬರುವುದಿಲ್ಲ. ಆದರೆ ಆ ಒಂದು ಪ್ರತಿಯನ್ನು ಅವನು ನೆರೆಯವನಿಗೆ ಕೊಡಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಹರಿದು ಬರುವ ಚಿತ್ರವಾದರೋ ಯಾಚಿತಕ. ಮಾಸಿಕ ಶುಲ್ಕವನ್ನು ಕೊಟ್ಟು ನೋಡುವಲ್ಲಿ ಇದು ಎಲ್ಲರೂ ಅರಿತ ಸಂಗತಿ, ಅದರಲ್ಲಿ ವಂಚನೆಯಿಲ್ಲ. ತೊಂದರೆಯಿರುವುದು ‘ಕೊಳ್ಳಿರಿ’ ಎಂದು ಬರೆದು, ಪೂರ್ಣ ಬೆಲೆಯನ್ನು ಪಡೆದು, ಎರವನ್ನು ಕೊಡುವಲ್ಲಿ. 2009ರಲ್ಲಿ ಅಮೆಜಾನ್ ಸಂಸ್ಥೆಯು ಗ್ರಾಹಕರು ಹಣ ಕೊಟ್ಟು ಪಡೆದಿದ್ದ ಆರ್ವೆಲ್ಲನ ‘1984’ರ ಪ್ರತಿಗಳನ್ನು ಅವರ ಓದುವ ಯಂತ್ರಗಳಿಂದ ದೂರದಿಂದಲೇ ಅಳಿಸಿತು. 2023ರ ಡಿಸೆಂಬರಿನಲ್ಲಿ, ಪ್ಲೇಸ್ಟೇಷನ್ ಗ್ರಾಹಕರು ಕೊಂಡಿದ್ದ ಡಿಸ್ಕವರಿ ಸಂಸ್ಥೆಯ ಕಾರ್ಯಕ್ರಮಗಳು ವರ್ಷಾಂತ್ಯಕ್ಕೆ ಅವರ ಸಂಗ್ರಹದಿಂದ ಮಾಯವಾಗುವುವೆಂಬ ಪ್ರಕಟಣೆಯು ಹೊರಟಿತು; ಜನರು ಕೂಗಿಕೊಂಡ ಮೇಲೆ ಕನಿಷ್ಠ ಮೂವತ್ತು ತಿಂಗಳ ಅವಧಿಯು ದೊರೆಯಿತು. ಕ್ಯಾಲಿಫೋರ್ನಿಯ ಸಂಸ್ಥಾನವು 2025ರ ಆರಂಭದಿಂದ ಒಂದು ಕಾಯಿದೆಯನ್ನು ಜಾರಿಗೆ ತಂದಿದೆ: ದೊರೆಯುವುದು ಅನುಮತಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ಇಂತಹ ವಸ್ತುಗಳಿಗೆ ‘ಕೊಳ್ಳಿರಿ’ ಎಂಬ ಮಾತನ್ನು ಬಳಸಕೂಡದು. ಶಬ್ದಕ್ಕೂ ಅರ್ಥಕ್ಕೂ ಇರಬೇಕಾದ ಸಂಬಂಧವನ್ನು ಕಾಯಿದೆಯಿಂದ ಕಾಪಾಡಬೇಕಾಗಿ ಬಂದುದು ವ್ಯಾಪಾರಿಗಳಿಗೆ ಗೌರವದ ವಿಷಯವಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುತ್ತದೆ. ಅಪರಿಗ್ರಹವು ನಮ್ಮಲ್ಲಿ ಯಮಗಳಲ್ಲಿ ಒಂದೆಂದು ಎಣಿಸಲ್ಪಟ್ಟಿರುವಾಗ, ಸ್ವತ್ತನ್ನು ಕೂಡಿಡುವುದನ್ನು ಹೊಗಳುವುದು ಹೇಗೆ? ನೋಡಿದರಾಯಿತು, ಇಟ್ಟುಕೊಳ್ಳುವುದೇಕೆ? ಇದಕ್ಕೆ ನನ್ನ ಉತ್ತರವೇನೆಂದರೆ: ಅಪರಿಗ್ರಹವು ಬೇಡವೆಂದು ಬಿಡುವವನ ಗುಣ. ತಿಂಗಳು ತಿಂಗಳಿಗೂ ಹಣ ತೆತ್ತು, ಸಾವಿರ ಚಿತ್ರಗಳ ಭೋಗವನ್ನು ಬಯಸುವವನು ಏನನ್ನೂ ಬಿಟ್ಟವನಲ್ಲ. ಕಣಜದ ಕೀಲಿಯನ್ನು ಮಾತ್ರ ಇನ್ನೊಬ್ಬನ ಸೊಂಟಕ್ಕೆ ಕಟ್ಟಿದವನು. ಇನ್ನೂರು ಇಟ್ಟುಕೊಂಡು ಅದರಲ್ಲಿ ಹತ್ತನ್ನು ನೋಡುವವನಿಗೂ ಅಪರಿಗ್ರಹದ ಪಾಠ ಬೇಕೆಂಬುದು ಬೇರೆ ಮಾತು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ತಟ್ಟೆಯೂ ನಶ್ವರವೇ. ಗೀರು ಬಿದ್ದರೆ ಕೆಡುವುದು. ಒಳಗಿನ ಲೋಹದ ಪದರವು ಗಾಳಿ ತಾಗಿ ಹಾಳಾಗುವುದೂ ಉಂಟು. ಅದಲ್ಲದೆ ಅದರ ವಿಷಯವು ಗೂಢಲಿಪಿಯ ಬೀಗದೊಳಗೆ ಇದೆ. ಯಂತ್ರವಿಲ್ಲದೆ ತಟ್ಟೆಯು ಬರಿಯ ಹೊಳೆಯುವ ಬಿಲ್ಲೆ. ಯಂತ್ರ ಮಾಡುವವರೇ ಕಡಮೆಯಾಗುತ್ತಿರುವಾಗ ಈ ಸ್ವತ್ತಿಗೆ ಏನು ಬೆಲೆ?

ಈ ಆಕ್ಷೇಪವನ್ನು ಕೇಳಿದಾಗ ನನಗೆ ನನ್ನ ಅಪರಾಧವೊಂದು ನೆನಪಿಗೆ ಬರುವುದು. ತೀರ್ಥರೂಪರು ತೀರಿಕೊಂಡ ಮರುವರ್ಷ ಮನೆಯ ಅಟ್ಟದಲ್ಲಿ ತಾಳೆಯೋಲೆಯ ಒಂದು ಕಟ್ಟು ಸಿಕ್ಕಿತು. ತಿಗಳಾರಿ ಲಿಪಿ, ನನಗೆ ಓದಲು ಬಾರದು. ಪಾಠಶಾಲೆಯಲ್ಲಿ ನಾವು ಕಲಿತುದೆಲ್ಲ ನಾಗರಿಯಲ್ಲಿ. ಹುಳು ತಿಂದ ಆ ಕಟ್ಟನ್ನು ನಾನು ಹಿರಿಯರ ಪದ್ಧತಿಯಂತೆ ಹೊಳೆಗೆ ಬಿಟ್ಟೆನು. ಅದರಲ್ಲಿ ಪಂಚಾಂಗವಿದ್ದಿತೋ, ಪ್ರಯೋಗವಿದ್ದಿತೋ, ಯಾರೂ ಕಾಣದ ಕಾವ್ಯವಿದ್ದಿತೋ, ಇನ್ನು ತಿಳಿಯುವಂತಿಲ್ಲ. ನಾನು ಓದಲಾರೆನೆಂಬುದನ್ನು ಓದತಕ್ಕುದಲ್ಲವೆಂದು ತಿಳಿದುದು ನನ್ನ ತಪ್ಪು. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಗ್ರಂಥಲಿಪಿಯ ಓಲೆಗಳಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರಲ್ಲಿ ಉಳಿದು, ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಸೇರಿ, 1909ರಲ್ಲಿ ಶಾಮಶಾಸ್ತ್ರಿಗಳಿಂದ ಮುದ್ರಣವನ್ನು ಕಂಡಿತು. ಆ ಪಂಡಿತರು ನನ್ನಂತೆ ಮಾಡಿದ್ದರೆ?

ಚಿತ್ರಗಳಿಗೂ ಈ ಗತಿ ತಪ್ಪಿದುದಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ, 1934ರ ‘ಸತಿ ಸುಲೋಚನಾ’ ಇಂದು ನೋಡಲು ದೊರೆಯುವುದಿಲ್ಲ. ಸತ್ಯಜಿತ್ ರಾಯರ ಅಪುವಿನ ಮೂರು ಚಿತ್ರಗಳ ಮೂಲಪ್ರತಿಗಳು 1993ರಲ್ಲಿ ಲಂಡನ್ನಿನ ಅಗ್ನಿಗೆ ಸಿಕ್ಕಿ ಬಹುವಾಗಿ ಹಾಳಾದುವು. ಉಳಿದ ತುಣುಕುಗಳನ್ನೂ ಬೇರೆಡೆ ಇದ್ದ ಪ್ರತಿಗಳನ್ನೂ ಕೂಡಿಸಿ 2015ರಲ್ಲಿ ಜೀರ್ಣೋದ್ಧಾರವಾಯಿತು. ಪ್ರತಿಗಳು ಬೇರೆ ಬೇರೆ ಕಡೆಗಳಲ್ಲಿದ್ದುದರಿಂದಲೇ ಅದು ಸಾಧ್ಯವಾಯಿತೆಂಬುದು ಗಮನಾರ್ಹ. ವೇದಪಾಠಶಾಲೆಯ ಹುಡುಗನೊಬ್ಬನ ಕಣ್ಣಿನಿಂದ ಕಂಡ ಕಥೆಯಾದುದರಿಂದ ನನಗೆ ಆಪ್ತವಾದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಪ್ರದರ್ಶಿತವಾಯಿತು. ಮೂಲವನ್ನು ಕಾಯುವುದು ದೊಡ್ಡ ಭಂಡಾರಗಳ ಕೆಲಸ, ಅಹುದು. ಆದರೆ ಒಂದೇ ಕಣಜದಿಂದ ಹರಿಯುವ ವಸ್ತುವು ಆ ಕಣಜದೊಡೆಯನ ಮನಸ್ಸು ಬದಲಾದ ದಿನ ಎಲ್ಲರಿಗೂ ಒಮ್ಮೆಗೇ ಇಲ್ಲವಾಗುವುದು. ನೂರು ಮನೆಗಳಲ್ಲಿರುವುದು ಹಾಗೆ ಹೋಗದು.

ಆದುದರಿಂದ ಸಿದ್ಧಾಂತವಿಷ್ಟು. ತಟ್ಟೆಯು ಇನ್ನು ಬಹುಜನರ ವಸ್ತುವಾಗಲಾರದು. ಅಲ್ಪವೆಚ್ಚದಲ್ಲಿ ಹಳ್ಳಿಯ ಮನೆಗೂ ದೇಶದೇಶಗಳ ಚಿತ್ರಗಳನ್ನು ತಂದುಕೊಟ್ಟ ಪ್ರವಾಹದ ಉಪಕಾರವನ್ನು ಅಲ್ಲಗಳೆಯುವುದೂ ಕೃತಘ್ನತೆಯಾದೀತು. ಗ್ರಾಮಫೋನಿನ ತಟ್ಟೆಯು ಸತ್ತಿತೆಂದು ಹೇಳಿದ ಮೇಲೆಯೂ, 2022ರಲ್ಲಿ ಅಮೆರಿಕದಲ್ಲಿ ಸಂಖ್ಯೆಯಿಂದ ಸಿಡಿಯನ್ನು ಮೀರಿ ಮಾರಾಟವಾಯಿತು. ಚಿತ್ರದ ತಟ್ಟೆಗೂ ಅಂತಹ ಸಣ್ಣ, ಶ್ರದ್ಧಾವಂತರ ಆಶ್ರಯವು ಉಳಿದರೆ ಸಾಕು. ಎಲ್ಲವನ್ನೂ ಇಡಬೇಕಾಗಿಲ್ಲ, ಇನ್ನೊಬ್ಬರಿಗೆ ಕೊಡಲು ಯೋಗ್ಯವೆಂದು ತೋರಿದುದನ್ನು ಇಟ್ಟರಾಯಿತು. ಇಟ್ಟವನು ಯಂತ್ರವನ್ನೂ ಜೊತೆಗೆ ಕಾಯಬೇಕು. ಲಿಪಿ ಬಲ್ಲವನಿಲ್ಲದ ಓಲೆಯ ಗತಿಯನ್ನು ನಾನು ಕಂಡಿದ್ದೇನೆ.

ನನ್ನ ತೀರ್ಪನ್ನು ಪತ್ರಮುಖೇನ ತಿಳಿಸಿದೆನು: ಅರ್ಧ ಕಪಾಟು ಮೊಮ್ಮಗನಿಗೆ, ಅರ್ಧ ತಟ್ಟೆಗಳಿಗೆ. ಹೊರಬೀಳುವ ನೂರರಷ್ಟನ್ನು ಹಳೆಯ ಯಂತ್ರವೊಂದರ ಸಮೇತ ನಮ್ಮ ಸಂಘದ ಗ್ರಂಥಭಂಡಾರಕ್ಕೆ ಒಪ್ಪಿಸಲು ಮಗನು ಸಮ್ಮತಿಸಿದ್ದಾನೆ. ಒಂದು ಕಪಾಟನ್ನು ಬಿಡಿಸಿಕೊಡಬೇಕೆಂದು ಕಾರ್ಯದರ್ಶಿಗಳಲ್ಲಿ ಈ ಮೂಲಕ ನನ್ನ ವಿನಂತಿ.