ತಂಪಿಗೆ ತೆರುವ ಬೆಲೆ

ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಬಗೆ ಹೇಳಿಕೊಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಇರುವ ಶಕ್ತಿಯಲ್ಲಿ ಎಷ್ಟು ಪಾಲನ್ನು ಸುಟ್ಟುಹೋಗದೆ ಉಳಿಯುವುದಕ್ಕಾಗಿ ತೆಗೆದಿಡಬೇಕು ಎಂದು ಯೋಚಿಸುವವರು ವಿರಳ. ಪಾಠ ಹೇಳುವ ನನಗೆ ಈ ಪ್ರಶ್ನೆ ಸ್ಪಷ್ಟವಾದದ್ದು ಶಾಸ್ತ್ರಗ್ರಂಥದಿಂದಲ್ಲ. ಹೂವಿನಹಡಗಲಿಯ ಒಂದು ಮೋಟಾರು ಶೆಡ್ಡಿನಲ್ಲಿ ಕಂಡ, ಸಣ್ಣ ತಟ್ಟೆಯಗಲದ ಒಂದು ಪುಲ್ಲಿಯಿಂದ.

ನನ್ನ ಗೆಳೆಯರೊಬ್ಬರಲ್ಲಿ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿದೆ. ಜೀರುಂಡೆಯಾಕಾರದ ಈ ಕಾರಿನ ತಯಾರಿಕೆ 2003ರಲ್ಲಿ ಮೆಕ್ಸಿಕೋದಲ್ಲಿ ನಿಲ್ಲುವ ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಅದರ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರಿಲ್ಲ, ಗಾಳಿಯೇ ಗತಿ. ಕ್ರ್ಯಾಂಕಿನ ತುದಿಯ ಪುಲ್ಲಿ ಬೆಲ್ಟಿನ ಮೂಲಕ ಮೇಲಿನ ಡೈನಮೋವನ್ನು ತಿರುಗಿಸುತ್ತದೆ. ಆ ಡೈನಮೋದ ದಂಡದ ಇನ್ನೊಂದು ತುದಿಯಲ್ಲಿ ಫ್ಯಾನು ಕೂತಿದೆ. ಕ್ರ್ಯಾಂಕಿನ ಪುಲ್ಲಿ ದೊಡ್ಡದಾದರೆ ಫ್ಯಾನಿನ ವೇಗ ಹೆಚ್ಚು, ಚಿಕ್ಕದಾದರೆ ಕಡಿಮೆ.

ಫ್ಯಾನಿನ ಲೆಕ್ಕ ವಿಚಿತ್ರವಾದದ್ದು. ವೇಗವನ್ನು ನೂರಕ್ಕೆ 10ರಷ್ಟು ಇಳಿಸಿದರೆ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಫ್ಯಾನು ನುಂಗುವ ಶಕ್ತಿ ನೂರಕ್ಕೆ ಸುಮಾರು 27ರಷ್ಟು ಇಳಿಯುತ್ತದೆ. ಉಳಿದದ್ದು ಚಕ್ರಗಳಿಗೆ ಲಾಭ. ಪಂದ್ಯದ ಓಟಗಾರರು ಚಿಕ್ಕ ಪುಲ್ಲಿ ಹಾಕುವುದು ಈ ಲಾಭಕ್ಕಾಗಿಯೇ. ಗೆಳೆಯರ ಮನಸ್ಸೂ ಅತ್ತ ಎಳೆದಿತ್ತು. ಮಿಸ್ತ್ರಿ ಎರಡು ಪುಲ್ಲಿಗಳನ್ನೂ ಮುಂದಿಟ್ಟು, "ಪಂದ್ಯದ ಗಾಡಿ ಮಾತು ಬ್ಯಾರೆ ಐತ್ರಿ ಸರ್. ನೀವು ಬಿಸಿಲಾಗ ಹಿರೇಹಡಗಲಿ ದಾರ್ಯಾಗ ಬಂಡಿ ಹಿಂದ ಹೋಗಾವ್ರು" ಎಂದರು. ಗೆಳೆಯರು ಮೊದಲಿನ ಅಳತೆಯನ್ನೇ ಉಳಿಸಿಕೊಂಡರು.

ಆ ಮಾತಿನಲ್ಲಿ ಯಂತ್ರವಿದ್ಯೆಯ ಜೊತೆಗೆ ನೀತಿಯೂ ಇದೆ. ಪಂದ್ಯದ ಎಂಜಿನ್ನು ಸದಾ ರಭಸದಿಂದ ತಿರುಗುವುದರಿಂದ ಚಿಕ್ಕ ಪುಲ್ಲಿಯಿದ್ದರೂ ಫ್ಯಾನಿಗೆ ವೇಗ ದೊರೆಯುತ್ತದೆ. ನಿಧಾನವಾಗಿ ತಿರುಗುತ್ತ ಭಾರವೆಳೆಯುವ ಎಂಜಿನ್ನಿಗೆ ಕಾವು ಹೆಚ್ಚು, ಗಾಳಿ ಕಡಿಮೆ. ಆಗ ದಾರಿಯ ನಡುವೆ ಪುಲ್ಲಿಯನ್ನು ಬದಲಿಸಲಾಗದು. ಅದನ್ನು ತಣ್ಣಗಿರುವಾಗಲೇ, ಸುಡುವ ಹೊತ್ತನ್ನು ನೆನೆದು ಆರಿಸಬೇಕು. ನಮ್ಮ ವಿಶ್ರಾಂತಿ, ನಿದ್ರೆ, ಸಂಯಮಗಳೂ ಹೀಗೆಯೇ. ಎಲ್ಲವೂ ಸುಗಮವಾಗಿರುವ ದಿನ ಅವು ನಷ್ಟವೆಂದೇ ಕಾಣುತ್ತವೆ. ಅವುಗಳನ್ನು ಕತ್ತರಿಸಿದ ಲಾಭ ಅಂದೇ ಕೈಗೆ ಸಿಗುತ್ತದೆ. ಹಾನಿ ಮಾತ್ರ ಒಳಗೊಳಗೇ ಬೆಳೆಯುತ್ತದೆ.

ಹಾಗಾದರೆ ಪುಲ್ಲಿ ದೊಡ್ಡದಾದಷ್ಟೂ ಲೇಸೆ? ಅದೂ ಅಲ್ಲ. ಅಳತೆ ಮೀರಿದರೆ ಫ್ಯಾನು ಶಕ್ತಿಯನ್ನು ವೃಥಾ ನುಂಗುತ್ತದೆ, ಬೆಲ್ಟೂ ಡೈನಮೋವೂ ಬಳಲುತ್ತವೆ. ಎಂಜಿನ್ನು ಹದವಾಗಿ ಕಾಯುವವರೆಗೆ ಗಾಳಿಯನ್ನು ತಡೆದಿಡುವ ಏರ್ಪಾಡೂ ಈ ಕಾರಿನಲ್ಲಿಯೇ ಇದೆ. ಕಾವಿಲ್ಲದೆ ಕೆಲಸವಿಲ್ಲ. ದುಡಿಮೆಗೆ ಹೆದರಿ ನೆರಳು ಹುಡುಕುವುದನ್ನು ಸಂಯಮವೆನ್ನಲಾಗದು.

ನಮ್ಮ ಮಲ್ಲಿಗೆಯವರಿಗೆ ಈ ಹದ ಗೊತ್ತು. ಬಿಸಿಲೇರುವ ಮೊದಲು ಮೊಗ್ಗು ಬಿಡಿಸಿ ಒದ್ದೆ ಬಟ್ಟೆ ಹೊದಿಸುತ್ತಾರೆ. ಬಟ್ಟೆಯ ನೀರಿಗೆ ಪೇಟೆಯಲ್ಲಿ ಯಾರೂ ಕಾಸು ಕೊಡುವುದಿಲ್ಲ. ಹೊರುವವರಿಗೆ ಅದು ಭಾರವೇ. ಆದರೂ ಅದನ್ನು ದಂಡವೆಂದು ಯಾರೂ ಎಣಿಸುವುದಿಲ್ಲ. ಆ ಭಾರ ಹೊತ್ತದ್ದರಿಂದಲೇ ಹೂವು ಹೂವಾಗಿ ಪೇಟೆ ಸೇರುತ್ತದೆ.

ನಿಜವಾದ ತೊಡಕು ಇನ್ನೊಂದಿದೆ. ಗೆಳೆಯರ ಕಾರು ಗೆಳೆಯರದು. ಲಾಭವೂ ಹಾನಿಯೂ ಅವರವೇ. ಬದುಕಿನಲ್ಲಿ ಅನೇಕ ವೇಳೆ ಪುಲ್ಲಿಯನ್ನು ಆರಿಸುವವನೊಬ್ಬ, ಸುಡುವವನು ಇನ್ನೊಬ್ಬ. ಸಂಡೂರಿನ ಅದಿರು ಸಾಗಿಸುವ ಲಾರಿಗೆ ದಿನಕ್ಕೆ ಒಂದು ಸರದಿ ಹೆಚ್ಚಿದರೆ ಮಾಲೀಕನಿಗೆ ಬಾಡಿಗೆ ಹೆಚ್ಚು. ಕಡಿಮೆಯಾಗುವುದು ಚಾಲಕನ ನಿದ್ರೆ. ಮನೆಗೆ ದಿನವೂ ನೆಂಟರು ಬಂದರೆ ಯಜಮಾನನಿಗೆ ಔದಾರ್ಯದ ಹೆಸರು. ಒಲೆಯ ಮುಂದೆ ನಿಂತವಳಿಗೆ ಕೂರುವ ಹೊತ್ತೂ ಇಲ್ಲ. ಇವರ ಬಿಡುವನ್ನು ಕತ್ತರಿಸಿ ಉಳಿಸಿದ್ದನ್ನು ನಾವು ದಕ್ಷತೆ ಎನ್ನುತ್ತೇವೆ, ಔದಾರ್ಯ ಎನ್ನುತ್ತೇವೆ.

ಬೀಟಲ್ ಕಾರಿನ ಬೆಲ್ಟು ಹರಿದರೆ ಚಾಲಕನ ಎದುರು ಕೆಂಪು ದೀಪ ಹೊತ್ತುತ್ತದೆ. ತಿಳಿದವನು ಆ ಕ್ಷಣವೇ ನಿಲ್ಲಿಸುತ್ತಾನೆ. ದುಡಿಯುವ ಮನುಷ್ಯನಲ್ಲಿ ಅಂಥ ದೀಪವಿಲ್ಲ. ಅವನ ಮೌನವನ್ನೇ ನಾವು ಒಪ್ಪಿಗೆಯೆಂದು ಭಾವಿಸುತ್ತೇವೆ. ಆದ್ದರಿಂದ ಇನ್ನೊಬ್ಬರ ಬಿಡುವಿನ ಅಳತೆ ನಮ್ಮ ಕೈಯಲ್ಲಿರುವಾಗ, ಬೇಕೆಂದು ತೋರುವುದಕ್ಕಿಂತ ತುಸು ದೊಡ್ಡದನ್ನೇ ಆರಿಸುವುದು ಧರ್ಮ. ಅದರಿಂದ ನಮ್ಮ ಓಟ ಸ್ವಲ್ಪ ನಿಧಾನವಾದರೆ ಆಗಲಿ.